ಕಡೇ ಸುತ್ತಿನ ಸಾಕ್ಷಿ

ನಮ್ಮೂರಲ್ಲಿ ಯಾವ ಮೋಟರೂ ಸ್ವಿಚ್ಚು ಆರಿಸಿದ ಕೂಡಲೇ ಪೂರ್ತಿ ನಿಲ್ಲುವುದಿಲ್ಲ. ನಿಂತ ಹಾಗೆ ಕಾಣುತ್ತದೆ, ಅಷ್ಟೆ. ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಂಡರೂ, ತಂತಿಯನ್ನೇ ಕತ್ತರಿಸಿ ಹಾಕಿದರೂ ಅದರೊಳಗೆ ಒಂದು ಸುತ್ತು ಉಳಿದಿರುತ್ತದೆ. ಐದು ನಿಮಿಷಕ್ಕೋ ಐದು ಗಂಟೆಗೋ, ತನಗೆ ಮನಸ್ಸು ಬಂದಾಗ, ಪೂರ್ತಿ ಬಲದಿಂದ ಒಂದೇ ಒಂದು ಸುತ್ತು ತಿರುಗಿ ಆಮೇಲೆ ತೆಪ್ಪಗಾಗುತ್ತದೆ. ಅದಕ್ಕೆ ನಾವು ಕಡೇ ಸುತ್ತು ಅನ್ನುತ್ತೇವೆ. ಅದು ಬರುವ ತನಕ ಯಾರೂ ಯಂತ್ರದೊಳಗೆ ಕೈ ಹಾಕುವಂತಿಲ್ಲ.

ಬೇರೆ ಊರಿಂದ ಸೊಸೆಯಾಗಿ ಬಂದವರಿಗೆ ಮೊದಲ ವಾರ ಕಷ್ಟವಾಗುತ್ತದೆ. ಗ್ರೈಂಡರು ಆರಿಸಿ ಹಿಟ್ಟು ಬಳಿಯಲು ಹೋದವಳ ಕೈಯನ್ನು ಅತ್ತೆ ಗಬಕ್ಕನೆ ಹಿಡಿದೆಳೆಯುತ್ತಾಳೆ. ಅತ್ತೆ ಸೊಸೆಯ ಕೈ ಹಿಡಿಯುವುದು ನಮ್ಮೂರಲ್ಲಿ ಬಹುಪಾಲು ಅದೊಂದೇ ಸಲ. ಆಮೇಲೆ ಅಭ್ಯಾಸವಾಗುತ್ತದೆ. ಗ್ರೈಂಡರಿಗೆ ಮುಚ್ಚಳ ಹಾಕಿ ಸ್ನಾನಕ್ಕೆ ಹೋಗುತ್ತಾರೆ, ಬಟ್ಟೆ ಒಗೆಯುತ್ತಾರೆ. ಆರಿಸಿದ ಫ್ಯಾನು ಮಧ್ಯಾಹ್ನದ ಹೊತ್ತು ತಾನಾಗಿ ಒಂದು ಸುತ್ತು ಬೀಸಿದರೆ ಮಲಗಿದವರು ಕಣ್ಣು ಕೂಡ ಬಿಡುವುದಿಲ್ಲ. ಮಿಲ್ಲುಗಳಲ್ಲಿ ಯಂತ್ರ ನಿಲ್ಲಿಸಿ ಕಾಯುವಾಗ ಹೆಂಗಸರು ಸೊಪ್ಪು ಸೋಸುತ್ತಾರೆ, ಒಬ್ಬರ ತಲೆ ಒಬ್ಬರು ಬಾಚುತ್ತಾರೆ, ಸಂಬಂಧ ಕುದುರಿಸುತ್ತಾರೆ. ನನ್ನ ಮದುವೆ ಕುದುರಿದ್ದೂ ಹಾಗೆಯೇ. ಹತ್ತಿ ಮಿಲ್ಲಿನ ಮೋಟರೊಂದು ನಾಲ್ಕು ಗಂಟೆ ಸತಾಯಿಸಿತು. ಅದು ತಿರುಗುವಷ್ಟರಲ್ಲಿ ಅದನ್ನು ಕಾಯಲು ಕೂತಿದ್ದ ಹೆಂಗಸೊಬ್ಬರು ನನ್ನ ಮನೆತನ, ನನ್ನ ಅಡುಗೆ, ನನ್ನ ಮುಂಗೋಪ ಎಲ್ಲವನ್ನೂ ವಿಚಾರಿಸಿಕೊಂಡು, ತಮ್ಮ ಮಗನಿಗೆ ನಾನೇ ಸರಿ ಎಂದು ತೀರ್ಮಾನಿಸಿಬಿಟ್ಟಿದ್ದರು.

ಆ ನನ್ನ ಅತ್ತೆಯ ಕೆಲಸವೇ ಮುಂದೆ ನನಗೆ ಬಂತು. ಪುರಸಭೆಯ ಕಡತದಲ್ಲಿ ಅದರ ಹೆಸರು ಯಂತ್ರ ನಿಲುಗಡೆ ಸಾಕ್ಷಿ. ಊರ ಬಾಯಲ್ಲಿ ನಾನು ಸುತ್ತು ಕಾಯೋ ಚಂಪಕ್ಕ. ಯಾವ ಮಿಲ್ಲಿನಲ್ಲಿ ಯಂತ್ರ ನಿಲ್ಲಿಸಿದರೂ ನಾನೋ ನನ್ನಂಥ ಇನ್ನೊಬ್ಬರೋ ಹೋಗಿ ಅದರ ಮುಂದೆ ಕೂರಬೇಕು. ಕಡೇ ಸುತ್ತು ಬಂದದ್ದನ್ನು ನೋಡಿ, ಪುಸ್ತಕದಲ್ಲಿ ವೇಳೆ ಬರೆದು, ‘ನೋಡಿದೆ’ ಎಂದು ರುಜು ಹಾಕಬೇಕು. ಕೇಳುವವರಿಗೆ ಇದು ಸೋಮಾರಿಯ ಕೆಲಸ. ಆದರೆ ಪೂರ್ತಿ ಒಂದು ಸುತ್ತು ತಿರುಗಿದ ಗಾಲಿ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತದೆ. ಸುಣ್ಣದ ಗುರುತು ಹಾಕಿದ್ದರೆ ಗುರುತು ಎಲ್ಲಿತ್ತೋ ಅಲ್ಲೇ ಇರುತ್ತದೆ. ಅದಕ್ಕೇ ನಾವು ಬೆಲ್ಟಿನ ಗಾಲಿಯ ನೆತ್ತಿಯ ಮೇಲೆ ಒಂದು ಹುಣಿಸೆ ಬೀಜ ಇಡುತ್ತೇವೆ. ಗಾಲಿ ತಿರುಗಿದರೆ ಬೀಜ ಬೀಳುತ್ತದೆ. ಅತ್ತೆ ಮೊದಲ ದಿನವೇ ನನಗೆ ಹೇಳಿದ್ದರು, ನೆಲದ ಮೇಲೆ ಬಿದ್ದಿರೋ ಬೀಜ ನೋಡಿ ರುಜು ಹಾಕಬ್ಯಾಡ, ಬೀಳೋದನ್ನ ನಿನ್ನ ಕಣ್ಣಾಗ ನೋಡಿ ಹಾಕು ಅಂತ. ಅವರ ಸೆರಗಿನ ಗಂಟಿನಲ್ಲಿದ್ದ ಬೀಜವೇ ಈಗ ನನ್ನ ಗಂಟಿನಲ್ಲಿದೆ. ಸವೆದು ಸವೆದು ಗಾಜಿನ ಹಾಗೆ ಹೊಳೆಯುತ್ತದೆ.

ಇದರ ಮೇಲೆ ಇನ್ನೊಂದು ನಿಯಮವಿದೆ. ಕಡೇ ಸುತ್ತು ಬಂದ ಮೇಲೂ ಅರ್ಧ ಗಂಟೆ ಕಾಯಬೇಕು. ಹದಿನಾರು ವರ್ಷದ ಹಿಂದೆ ಮುರಿಗೆಪ್ಪನವರ ಅವಲಕ್ಕಿ ಮಿಲ್ಲಿನ ಮೋಟರು ಎರಡು ಸಲ ತಿರುಗಿತು ಎಂದು ಪುಸ್ತಕದಲ್ಲಿದೆ. ಮೊದಲನೆಯದಾದ ಇಪ್ಪತ್ತೈದು ನಿಮಿಷಕ್ಕೆ ಎರಡನೆಯದು ಬಂತು, ಹಾಲೇಶಿ ಎಂಬ ಹುಡುಗನ ಬಲಗೈಯ ಮೂರು ಬೆರಳು ಹೋದವು. ಆ ಮೋಟರನ್ನು ಜನ ಕೆರೆದಂಡೆಯಲ್ಲಿ ಗುಂಡಿ ತೋಡಿ ಹೂತರು. ಅಂದಿನಿಂದ ಇಡೀ ಊರು ಪ್ರತಿ ಸಲವೂ ಅರ್ಧ ಗಂಟೆ ಹೆಚ್ಚಿಗೆ ಕಾಯುತ್ತಿದೆ. ಗ್ರೈಂಡರಿನ ಮುಂದೆ ಕೂಡ.

ಹೋದ ಬೇಸಿಗೆಯಲ್ಲಿ ಅದೇ ಮುರಿಗೆಪ್ಪನವರು ಮಿಲ್ಲಿಗೆ ಹೊಸ ಡ್ರೈವು ತರಿಸಿದರು. ಗೋಡೆಗೆ ತಗುಲಿಸುವ ಬೂದು ಬಣ್ಣದ ಪೆಟ್ಟಿಗೆ ಅದು. ಎಷ್ಟು ವೇಗವಾಗಿ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಮೋಟರಿಗೆ ಹೇಳುವುದು ಅದರ ಕೆಲಸ. ಅದರ ಜೊತೆ ಕಂಪನಿಯ ಎಂಜಿನಿಯರು ಜೀನತ್ ಬಂದಳು. ಮೂವತ್ತರ ಒಳಗಿನ ಹುಡುಗಿ, ಮಾತು ಕಡಿಮೆ, ಓದುವುದು ಜಾಸ್ತಿ. ಅವಳ ಚೀಲದಲ್ಲಿ ಹನ್ನೊಂದು ಪ್ರಮಾಣಪತ್ರಗಳಿದ್ದವು. ಬೆಂಕಿಗೆ ಒಂದು, ಧೂಳಿಗೆ ಒಂದು, ನಡುಕಕ್ಕೆ ಒಂದು. ಮುರಿಗೆಪ್ಪನವರಿಗೆ ಬೇಕಾಗಿದ್ದು ಹನ್ನೆರಡನೆಯದು, ನಮ್ಮ ಪುರಸಭೆಯದು. ‘ಈ ಯಂತ್ರಕ್ಕೆ ಕಡೇ ಸುತ್ತು ಇಲ್ಲ’ ಎಂದು ಅಚ್ಚು ಹಾಕಿಸಿದ ಹಾಳೆ ಸಿದ್ಧವಾಗಿತ್ತು, ಕೆಳಗೆ ನನ್ನ ರುಜು ಬಿದ್ದರೆ ಸಾಕು. ಆಮೇಲೆ ಆ ಮಿಲ್ಲಿನಲ್ಲಿ ಯಾರೂ ಕಾಯಬೇಕಿಲ್ಲ. ಅವಲಕ್ಕಿ ಯಂತ್ರವೆಂದರೆ ಕಬ್ಬಿಣದ ದೊಡ್ಡ ತೊಟ್ಟಿ, ತಿರುಗುತ್ತಿರುತ್ತದೆ. ಒಳಗೆ ರೋಲರೊಂದು ಹುರಿದ ಭತ್ತವನ್ನು ಒತ್ತಿ ಚಪ್ಪಟೆ ಮಾಡುತ್ತದೆ. ತೊಟ್ಟಿಯ ಅಂಚಿಗೆ ಅಂಟಿದ ತೌಡನ್ನು ದಿನಕ್ಕೆ ಮೂರು ಸಲವಾದರೂ ಕೈ ಹಾಕಿ ಕೆರೆಯಬೇಕು. ಮೂರು ಸಲವೂ ಕಾದು ಕಾದು ಅಲ್ಲಿನ ಹೆಂಗಸರಿಗೂ ಸಾಕಾಗಿತ್ತು. ಚೀಲದ ಲೆಕ್ಕದ ಕೂಲಿ ಅವರದು.

ಪರೀಕ್ಷೆಯ ದಿನ ಬೆಳಿಗ್ಗೆ ಆರು ಗಂಟೆಗೆ ಜೀನತ್ ಕೆಂಪು ಗುಂಡಿ ಒತ್ತಿದಳು. ತೊಟ್ಟಿ ಮೆತ್ತಗೆ, ಶಬ್ದವಿಲ್ಲದೆ ನಿಂತಿತು. ನಾನು ಗಂಟು ಬಿಚ್ಚಿ ಬೀಜ ತೆಗೆದು ಗಾಲಿಯ ಮೇಲಿಟ್ಟು, ಎದುರಿಗೆ ಗೋಣಿ ಹಾಸಿ ಕೂತೆ. ಪೆಟ್ಟಿಗೆಯ ಮೇಲೆ ಇಂಗ್ಲಿಷಿನ ಹಳದಿ ಚೀಟಿಯೊಂದು ಅಂಟಿಸಿತ್ತು. ಏನು ಬರೆದಿದೆ ಎಂದು ಕೇಳಿದೆ.

“ಕರೆಂಟು ತೆಗೆದ ಮೇಲೆ ಹದಿನೈದು ನಿಮಿಷ ಕಾಯಿರಿ, ಆಮೇಲೆ ಮುಟ್ಟಿ ಅಂತ” ಎಂದಳು ಜೀನತ್. “ಒಳಗೆ ಸ್ವಲ್ಪ ಉಳಕೊಂಡಿರುತ್ತೆ. ಅದು ಇಳೀಬೇಕು.”

“ಹಂಗಾರ ನೀವೂ ಕಾಯೋರ ಅನ್ನವಾ!” ಎಂದೆ. ನನಗೆ ನಿಜವಾಗಿ ಖುಷಿಯಾಯಿತು. ಹೊರಗಿನವರೆಲ್ಲ ನಮ್ಮನ್ನು ನೋಡಿ ನಗುವವರು ಎಂದುಕೊಂಡಿದ್ದೆ.

ಅವಳೂ ನಕ್ಕಳು. ಕೆಂಪು ಗುಂಡಿಯಿಂದ ಪೆಟ್ಟಿಗೆಗೆ ಹೋಗುವ ಎರಡು ತಂತಿಗಳನ್ನು ತೋರಿಸಿದಳು. “ನಿಲ್ಲು ಅನ್ನೋ ಮಾತು ಎರಡು ದಾರೀಲಿ ಹೋಗಬೇಕು, ಅಕ್ಕ. ಒಂದು ತಂತಿ ಸುಳ್ಳು ಹೇಳಿದ್ರೆ ಇನ್ನೊಂದು ಹಿಡಿಯುತ್ತೆ. ಒಂದನ್ನೇ ನಂಬೋ ಹಾಗಿಲ್ಲ. ನಮ್ಮ ನಿಯಮದಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ.”

ಗಂಟೆಗಳು ಕಳೆದವು. ಬೀಜ ಕೂತಲ್ಲೇ ಕೂತಿತ್ತು. ಹೆಂಗಸರು ಸೊಪ್ಪು ಸೋಸಿ ಮುಗಿಸಿ, ಹಾಡು ಹೇಳಿ ಮುಗಿಸಿ, ಯಾರದೋ ಮಗಳ ಸಂಬಂಧವನ್ನು ಎತ್ತಿ, ಅರ್ಧಕ್ಕೇ ಬಿಟ್ಟರು. ಜೀನತ್ ಸುಮ್ಮನೆ ಕೂರುವ ಪೈಕಿಯಲ್ಲ. ನಮ್ಮ ಹಳೆಯ ಪುಸ್ತಕಗಳನ್ನು ಕೇಳಿ ಪಡೆದು ಒಂದೊಂದೇ ಓದತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಒಂದು ಪುಟದಲ್ಲಿ ಬೆರಳಿಟ್ಟು ತಲೆ ಎತ್ತಿದಳು.

“ಇಪ್ಪತ್ತೆರಡು ಪುಸ್ತಕ ಇದಾವೆ, ಅಕ್ಕ. ಎಲ್ಲಾ ಮೋಟರೂ ಒಂದೇ ಸುತ್ತು. ಅತಿ ಹೆಚ್ಚು ಕಾದಿದ್ದು ಅಂದ್ರೆ ಒಂಬತ್ತು ಗಂಟೆ. ಇದೊಂದು ಮಾತ್ರ ಎರಡು ಸಲ ತಿರುಗಿದೆ. ಇದಕ್ಕೆ ಸಾಕ್ಷಿ ಯಾರು?”

“ನಾನ” ಎಂದೆ.

“ಒಬ್ಬರೇನಾ?”

“ಒಬ್ಬಾಕಿನ.”

“ಮೊದಲನೇ ಸುತ್ತು ನೀವು ಕಣ್ಣಾರೆ ನೋಡಿದ್ರಿ?”

ಹೆಂಗಸರೆಲ್ಲ ಕೇಳುತ್ತಿದ್ದರು. “ಬರದೀನಲ್ಲವಾ, ನೋಡಿದೆ ಅಂತ” ಎಂದೆ. ಅವಳು ಪುಟ ತಿರುಗಿಸಿದಳು.

ನಾನು ನೋಡಿರಲಿಲ್ಲ. ಆಗ ನನ್ನ ಮಗಳಿಗೆ ಎರಡು ವರ್ಷ, ಮೂರು ದಿನದಿಂದ ಜ್ವರ. ಎರಡು ರಾತ್ರಿ ನಾನು ಕಣ್ಣು ಮುಚ್ಚಿರಲಿಲ್ಲ. ಅವಲಕ್ಕಿ ಹುರಿಯುವ ಬೆಚ್ಚನೆ ವಾಸನೆಯಲ್ಲಿ, ಇದೇ ಗೋಡೆಗೆ ಒರಗಿ ಕೂತವಳಿಗೆ ಯಾವಾಗ ಜೊಂಪು ಹತ್ತಿತೋ ತಿಳಿಯಲಿಲ್ಲ. ಎಚ್ಚರಾದಾಗ ಬೀಜ ನೆಲದ ಮೇಲಿತ್ತು. ಗಾಲಿಯ ಮೇಲೆ ಗುಬ್ಬಿಯೊಂದು ಕೂತಿತ್ತು, ನಾನು ಅಲುಗಾಡಿದ್ದಕ್ಕೆ ಹಾರಿಹೋಯಿತು. ಬೀಜ ಬೀಳಿಸಿದ್ದು ಗುಬ್ಬಿಯೋ ಮೋಟರೋ ಎಂದು ನಾನು ನನ್ನನ್ನೇ ಕೇಳಿಕೊಂಡೆ. ಕೇಳಿಕೊಂಡೆ, ಅದು ನನಗೆ ಚೆನ್ನಾಗಿ ನೆನಪಿದೆ. ಆದರೆ ಬೆಳಗಿನಿಂದ ಕಾದ ಜನ ಆಚೆ ನಿಂತಿದ್ದರು. ಸುತ್ತು ಕಾಯುವವಳೇ ನಿದ್ದೆ ಹೊಡೆದಳು ಎಂದು ಅವರಿಗೆ ಹೇಳಲು ನನಗೆ ನಾಚಿಕೆಯಾಯಿತು. ‘ನೋಡಿದೆ’ ಎಂದು ಬರೆದು ರುಜು ಹಾಕಿ, ಹಾಲೇಶಿಯನ್ನು ಕರೆದು, “ಬಂತಪಾ, ಕೈ ಹಾಕು” ಎಂದೆ. ಆಗವನಿಗೆ ಇಪ್ಪತ್ತೊಂದು ವರ್ಷ. ನನ್ನ ಮಾತು ಕೇಳಿ ಕೈ ಹಾಕಿದ, ಕೆರೆಯುತ್ತಿದ್ದ ಹಾಗೆಯೇ ಇಪ್ಪತ್ತೈದು ನಿಮಿಷಕ್ಕೆ ಯಂತ್ರ ತಿರುಗಿತು. ಬೆರಳು ಹೋದ ಕೈಗೆ ನನ್ನ ಸೀರೆಯ ಸೆರಗು ಹರಿದು ಕಟ್ಟಿದವಳೂ ನಾನೇ. ವಿಚಾರಣೆಯಲ್ಲಿ, ಮೋಟರೇ ಎರಡು ಸಲ ತಿರುಗಿರಬೇಕು ಎಂದು ಯಾರೋ ಅಂದರು. ನಾನು ಹೌದು ಎಂದೆ.

ಮೂರು ಗಂಟೆಗೆ ಸರಿಯಾಗಿ ಮುರಿಗೆಪ್ಪನವರು ಹಾಳೆ, ಪೆನ್ನು ಹಿಡಿದು ಬಂದರು. ಕೆಟ್ಟ ಮನುಷ್ಯರಲ್ಲ. ಹಾಲೇಶಿಯ ಬೆರಳು ಹೋದ ಮೇಲೂ ಕೆಲಸ ಬಿಡಿಸದೆ, ಯಂತ್ರ ರಿಪೇರಿ ಕಲಿಸಿ ಮೇಸ್ತ್ರಿ ಮಾಡಿದವರು ಅವರೇ. “ಒಂಬತ್ತು ಗಂಟಿ ಆತು ಚಂಪಕ್ಕ. ಪುಸ್ತಕದಾಗ ಇದಕ್ಕಿಂತ ಹೆಚ್ಚಿಂದು ಇಲ್ಲ. ಹಾಕ್ರಿ ರುಜು.”

ಜೀನತ್ ತನ್ನ ಮೀಟರು ನೋಡಿ, “ಮೋಟರಲ್ಲಿ ಏನೂ ಉಳಿದಿಲ್ಲ. ಸೊನ್ನೆ ತೋರಿಸ್ತಿದೆ” ಎಂದಳು.

ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು. ನಾಳೆಯಿಂದ ಆ ಮೂವತ್ತು ಜೊತೆ ಕೈಗಳು ಕೆಂಪು ಗುಂಡಿ ಒತ್ತಿದ ಮರುಗಳಿಗೆಗೆ ತೊಟ್ಟಿಯೊಳಗೆ ಹೋಗುತ್ತವೆ. ಆ ಹಾಳೆಯ ಮೇಲೆ ‘ಕಡೇ ಸುತ್ತು ಇಲ್ಲ’ ಎಂದು ಅಚ್ಚಾಗಿತ್ತು. ನನಗೆ ಗೊತ್ತಿದ್ದುದು, ನಾನು ಇನ್ನೂ ನೋಡಿಲ್ಲ ಎಂಬುದಷ್ಟೆ. ಅವೆರಡರ ನಡುವಿನ ವ್ಯತ್ಯಾಸ ಎಷ್ಟೆಂದು ನನಗಿಂತ ಚೆನ್ನಾಗಿ ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ನಾ ಹಾಕಂಗಿಲ್ರಿ” ಎಂದೆ.

“ಯಾಕ?”

“ಇಲ್ಲ ಅಂತ ನಾ ಹೆಂಗ ಹೇಳ್ಲಿ?”

ಮುರಿಗೆಪ್ಪನವರ ಮುಖ ಕೆಂಪಾಯಿತು. “ಆ ಹಳೇ ಮೋಟರು ಎರಡೆರಡು ಸಲ ತಿರುಗಿ ಹುಡುಗನ ಕೈ ತಿಂತು. ಅಂಥಾದ್ದು ತಪ್ಪಲಿ ಅಂತ ನಾ ಇದನ್ನ ತರಿಸೀನಿ. ನೀವು ನೋಡಿದ್ರ ಇದಕ್ಕ ಅಡ್ಡ ಬರ್ತೀರಿ. ಆರು ಗಂಟಿ ತನಕ ಕುಂದ್ರಿ. ಆಗೂ ಹಾಕದಿದ್ರ ನಾ ಪುರಸಭೆಗೆ ಹೋಗಿ ಬ್ಯಾರೆ ಸಾಕ್ಷಿ ಕರಕೊಂಡು ಬರ್ತೀನಿ.” ಹಾಳೆಯನ್ನು ನನ್ನ ಪಕ್ಕದಲ್ಲಿಟ್ಟು, ಅದರ ಮೇಲೆ ಪೆನ್ನಿಟ್ಟು ಹೋದರು.

ಆಮೇಲೆ ಜನ ಚದುರಿದರು. ಹೆಂಗಸರು ಅಂಗಳದಲ್ಲಿ ಭತ್ತ ಹರವಲು ಹೋದರು. ಐದರ ಸುಮಾರಿಗೆ ಜೀನತ್ ನಮಾಜಿಗೆಂದು ಆಫೀಸು ಕೋಣೆಗೆ ಹೋದಳು. ಹಾಲೇಶಿ ಎರಡು ಲೋಟ ಚಾ ತಂದು, ಒಂದನ್ನು ನನ್ನ ಮುಂದಿಟ್ಟು, ತಾನೂ ಗೋಣಿಯ ಮೇಲೆ ಕೂತ. ಹೆಬ್ಬೆರಳು ತೋರುಬೆರಳು ಎರಡರಲ್ಲೇ ಲೋಟ ಹಿಡಿಯುತ್ತಾನೆ. ಚೆಲ್ಲುವುದಿಲ್ಲ.

“ಸಾವ್ಕಾರ್ರು ಸಿಟ್ಟಿನ್ಯಾಗ ಅಂದಾರ. ನೀ ಮನಸಿಗೆ ಹಚ್ಕೋಬ್ಯಾಡಕ್ಕಾ” ಎಂದ. “ಅವತ್ತು ನೀ ಇರದಿದ್ರ ರಕ್ತ ಹೋಗಿನ ನಾ ಸಾಯ್ತಿದ್ದೆ.”

ವರ್ಷಕ್ಕೆ ನಾಲ್ಕು ಸಲವಾದರೂ ಅವನು ಈ ಮಾತು ಹೇಳುತ್ತಾನೆ. ಪ್ರತಿ ಸಲ ನಾನು ಏನಾದರೂ ಹೇಳಿ ಮಾತು ಮರೆಸುತ್ತೇನೆ. ಆವತ್ತು ಮರೆಸಲಾಗಲಿಲ್ಲ. ಪಕ್ಕದಲ್ಲಿ ಆ ಹಾಳೆ ಇತ್ತಲ್ಲ.

“ಹಾಲೇಶಿ, ಆ ಮೋಟರು ಎರಡು ಸಲ ತಿರುಗಲಿಲ್ಲ” ಎಂದೆ. “ಒಂದ ಸಲ ತಿರುಗಿದ್ದು. ನಿನ್ನ ಕೈ ಮ್ಯಾಲೆ ತಿರುಗಿದ್ದ ಅದರ ಕಡೇ ಸುತ್ತು. ನಾ ನಿದ್ದಿ ಮಾಡಿದ್ದೆ. ಬೀಜ ಕೆಳಗ ಬಿದ್ದಿದ್ದು ನೋಡಿ ಬಂತು ಅಂತ ಬರದೆ.”

ಅವನು ಚಾ ಕುಡಿಯುವುದನ್ನು ನಿಲ್ಲಿಸಿದ. ನನ್ನ ಕಡೆ ನೋಡಲಿಲ್ಲ. ತನ್ನ ಕೈಯನ್ನೂ ನೋಡಿಕೊಳ್ಳಲಿಲ್ಲ. ಗಾಲಿಯ ಕಡೆಗೇ ನೋಡುತ್ತ ಕೂತ. ಅಂಗಳದಲ್ಲಿ ಭತ್ತ ಎಳೆಯುವ ಸದ್ದು ಕೇಳುತ್ತಿತ್ತು.

“ಹದಿನಾರು ವರ್ಷ ಆ ಮೋಟರಿಗೆ ಬೈದೀನಿ” ಎಂದ. “ಕೆರಿ ದಂಡಿಗೆ ಹೋದಾಗೆಲ್ಲ ಅದನ್ನ ಹೂತ ಜಾಗದಾಗ ಉಗುಳಿ ಬರ್ತಿದ್ದೆ. ಪಾಪ, ಅದರದೇನೂ ತಪ್ಪಿರಲಿಲ್ಲ ಅನ್ನು.”

“ನನಗ ಬೈಯಪಾ.”

“ಹೂಂ” ಎಂದ. ಬೈಯಲಿಲ್ಲ. ಬೈದಿದ್ದರೆ ಅಳು ಬರುತ್ತಿರಲಿಲ್ಲವೇನೋ. ನನಗೆ ತಡೆಯಲಾಗಲಿಲ್ಲ. ಐವತ್ತೆರಡು ವರ್ಷದ ಹೆಂಗಸು ಬಿಕ್ಕಿ ಬಿಕ್ಕಿ ಅತ್ತೆ. ಸೆರಗಿನಿಂದ ಮುಖ ಮುಚ್ಚಿಕೊಂಡೆ, ಮುಚ್ಚಿಕೊಳ್ಳುವಾಗಲೇ ಬೀಜದ ನೆನಪಾಗಿ ಗಾಬರಿಯಿಂದ ಸೆರಗು ಸರಿಸಲು ಹೋದೆ.

“ಅತ್ತು ಮುಗಿಸು” ಎಂದ ಹಾಲೇಶಿ. “ನಾ ನೋಡ್ತಿರ್ತೀನಿ.”

ಗಡಕ್ಕೆಂದು ಒಂದು ಸದ್ದು, ಆಮೇಲೆ ಗಾಳಿ ಬೀಸಿದಂತಾಯಿತು. ನಾನು ಕಣ್ಣು ಬಿಡುವಷ್ಟರಲ್ಲಿ ಎಲ್ಲವೂ ಮೊದಲಿನಂತೆಯೇ ಇತ್ತು. ತೊಟ್ಟಿ ನಿಂತಿತ್ತು, ಗಾಲಿ ನಿಂತಿತ್ತು. ಬೀಜ ಮಾತ್ರ ನೆಲದ ಮೇಲಿತ್ತು.

“ಬಂತಕ್ಕಾ” ಎಂದ ಹಾಲೇಶಿ.

“ಪೂರ್ತಿ ಸುತ್ತು?”

“ಪೂರ್ತಿ.”

ಗಡಿಯಾರ ನೋಡಿದೆ. ಐದು ಗಂಟೆ ಇಪ್ಪತ್ತು ನಿಮಿಷ. ನಮ್ಮ ಪುಸ್ತಕಗಳಲ್ಲಿ ಯಾವ ಮೋಟರೂ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ ಸುತ್ತು ಇಟ್ಟುಕೊಂಡು ಕೂತದ್ದಿಲ್ಲ. ನಾನು ಕೂಗಿದ್ದಕ್ಕೆ ಎಲ್ಲರೂ ಓಡಿ ಬಂದರು, ಮುರಿಗೆಪ್ಪನವರೂ ಬಂದರು. ಜೀನತ್ ಮೀಟರು ನೋಡಿ, “ಇದರಲ್ಲಿ ಏನೂ ಕಾಣಿಸ್ತಿಲ್ಲ” ಎಂದಳು. ಮೀಟರು ಕೆಳಗಿಟ್ಟು, “ನೀವು ನೋಡಿದ್ರಾ ಅಕ್ಕ?” ಎಂದು ಕೇಳಿದಳು.

ನಾನು ಪುಸ್ತಕ ತೆರೆದೆ. ವೇಳೆ ಬರೆದೆ. ಅದರ ಮುಂದೆ, ‘ನಾನು ನೋಡಲಿಲ್ಲ. ಹಾಲೇಶಿ ನೋಡಿದ’ ಎಂದು ಬರೆದು ನನ್ನ ರುಜು ಹಾಕಿದೆ. ಸಾಕ್ಷಿಯ ಕಾಲಮ್ಮಿನ ಪಕ್ಕದಲ್ಲಿ ಸ್ಕೇಲಿಲ್ಲದೆ ಸೊಟ್ಟಗೆ ಇನ್ನೊಂದು ಗೆರೆ ಎಳೆದು ಪೆನ್ನನ್ನು ಅವನಿಗೆ ಕೊಟ್ಟೆ. ಎರಡು ಬೆರಳಲ್ಲಿ ಹಿಡಿದು ತನ್ನ ಹೆಸರು ಬರೆದ. ಆಮೇಲೆ ಜೀನತಳ ಮುಂದಿದ್ದ ಹಳೆಯ ಪುಸ್ತಕ ತರಿಸಿಕೊಂಡು, ಹದಿನಾರು ವರ್ಷದ ಹಿಂದಿನ ‘ನೋಡಿದೆ’ ಎಂಬುದರ ಕೆಳಗೆ ‘ನೋಡಿರಲಿಲ್ಲ’ ಎಂದು ಬರೆದು ಪರೀಕ್ಷೆಯ ದಿನದ ತಾರೀಖು ಹಾಕಿದೆ. ಜೀನತ್ ಅದನ್ನು ಓದಿದಳು. ತನ್ನ ಹನ್ನೊಂದು ಪತ್ರಗಳನ್ನು ಮಡಚಿ ಚೀಲದಲ್ಲಿಟ್ಟು, ಹಳದಿ ಚೀಟಿಯಲ್ಲಿದ್ದ ಹದಿನೈದರ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದಳು. ಅಲ್ಲಿ ಏನು ಬರೆಯಬೇಕೆಂದು ತಿಳಿಯದೆ ಆ ಜಾಗವನ್ನು ಖಾಲಿ ಬಿಟ್ಟಳು.

ಹೆಂಗಸರು ರೂಢಿಯಂತೆ ಅರ್ಧ ಗಂಟೆ ಕಾಯಲು ಗೋಡೆಗೆ ಒರಗಿ ಕೂರುತ್ತಿದ್ದರು. ನಾನು ಎದ್ದು ತೊಟ್ಟಿಯ ಹತ್ತಿರ ಹೋಗಿ ಬಳೆ ಮೇಲಕ್ಕೆ ಸರಿಸಿಕೊಂಡೆ.

“ಅಯ್ಯ, ಚಂಪಕ್ಕಾ! ಅರ್ಧ ಗಂಟಿ ಆಗಿಲ್ಲ!” ಎಂದು ಯಾರೋ ಚೀರಿದರು.

“ಅರ್ಧ ಗಂಟಿ ಬ್ಯಾಡ” ಎಂದೆ. “ಆವತ್ತು ಮೋಟರು ಎರಡು ಸಲ ತಿರುಗಿರಲಿಲ್ಲ. ನಾ ನಿದ್ದಿ ಮಾಡಿದ್ದೆ.”

ಮುರಿಗೆಪ್ಪನವರು ಬಾಯಿ ತೆರೆದವರು ಹಾಗೇ ನಿಂತರು.  ನನ್ನ ಕೈ ತೊಟ್ಟಿಯ ಅಂಚಿನ ಮೇಲಿತ್ತು. ಆಗ ಒಂದು ಕೆಟ್ಟ ಯೋಚನೆ ಬಂದುಹೋಯಿತು, ಬಚ್ಚಿಡುವುದಿಲ್ಲ. ನಾನು ಸುತ್ತು ನೋಡಿಲ್ಲ, ನೋಡಿದವನು ಅವನೊಬ್ಬನೇ. ನನ್ನ ಮೂರು ಬೆರಳು ಹೋಗಲಿ ಎಂದು ಅವನು ಬಯಸಿದ್ದರೆ ತಪ್ಪೆನ್ನಲು ನಾನ್ಯಾರು? ಆ ಸದ್ದು ಯಂತ್ರದ್ದೋ, ಅವನು ಕಾಲಿಂದ ಒದ್ದದ್ದೋ? ನೆಲದ ಮೇಲಿನ ಬೀಜ ಎಂದಾದರೂ ನಿಜ ಹೇಳಿದ್ದುಂಟೆ? ಹಿಂದಿರುಗಿ ಅವನ ಮುಖ ನೋಡಬೇಕೆನ್ನಿಸಿತು. ನೋಡಲಿಲ್ಲ. ಹದಿನಾರು ವರ್ಷದ ಹಿಂದೆ ಅವನೂ ನನ್ನ ಮುಖ ನೋಡದೆಯೇ ಕೈ ಹಾಕಿದ್ದ.

ಮೊಣಕೈಯವರೆಗೆ ಕೈ ಒಳಗಿಟ್ಟು, ರೋಲರಿನ ಅಡಿಗೆ ಬೆರಳು ಚಾಚಿದೆ. ಕಬ್ಬಿಣ ಆರಿ ತಣ್ಣಗಾಗಿತ್ತು. ಬೆಳಗಿನಿಂದ ಅಂಟಿದ ತೌಡು ಉಗುರಿಗೆ ಗಟ್ಟಿಯಾಗಿ ತಾಗಿತು. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಏನೂ ಆಗಲಿಲ್ಲ.

ಪಕ್ಕದಲ್ಲಿ ಹಾಲೇಶಿ ಬಂದು ನಿಂತ. ಅಂಗಿಯ ತೋಳು ಮಡಚಿ, ಎರಡು ಬೆರಳಿನ ಆ ಬಲಗೈಯನ್ನು ನನ್ನ ಕೈಯ ಪಕ್ಕದಲ್ಲೇ ತೊಟ್ಟಿಯೊಳಗಿಟ್ಟ. ಇಷ್ಟು ವರ್ಷ ಅವನು ಯಂತ್ರದೊಳಗೆ ಎಡಗೈಯನ್ನಷ್ಟೇ ಹಾಕುತ್ತಿದ್ದ.

“ಗಟ್ಟ್ಯಾಗೈತಿ” ಎಂದ. “ಆ ಕಡೆಯಿಂದ ನೀ ಕೆರಿ, ಈ ಕಡೆಯಿಂದ ನಾ ಕೆರೀತೀನಿ.”